ಸೌಗಂಧಿನಿ ಅತ್ತಳೋ ಇಲ್ಲವೋ

ಹಿರಿಯೂರು
೪–೨–೧೯೭೪

ಪ್ರೀತಿಯ ಮಂಗಳಾ,

ನೀನು ಕಾಗದ ಬರೆಯುವುದನ್ನು ನಿಲ್ಲಿಸಿದ ಮೇಲೆ ಎರಡು ದೀಪಾವಳಿ ಕಳೆದವು. ನಾನು ಬರೆದ ಯಾವುದಕ್ಕೂ ಉತ್ತರವಿಲ್ಲ. ನನ್ನಿಂದ ಏನು ತಪ್ಪಾಯಿತೆಂದು ಯೋಚಿಸಿ ಯೋಚಿಸಿ, ಕಡೆಗೆ ನನಗೂ ಸಿಟ್ಟು ಬಂದು, ಇನ್ನು ಅವಳಾಗಿ ಬರೆಯುವವರೆಗೆ ನಾನೂ ಬರೆಯುವುದಿಲ್ಲವೆಂದು ಹಟ ಹಿಡಿದಿದ್ದೆ. ನಿನ್ನೆ ಆ ಹಟ ಮುರಿಯಿತು. ಮುರಿದವಳು ಸೌಗಂಧಿನಿ.

ಹೌದು, ನಮ್ಮ ಸೌಗಂಧಿನಿಯೇ. ಹೊಳೆಯ ದಂಡೆಯ ಟೆಂಟಿಗೆ ಅವಳ ಆ ಹಳೆಯ ಚಿತ್ರ ಬಂದಿದೆ. ದೋಣಿಗಾರನ ಹೆಂಡತಿ ಮಲ್ಲಾಜಿಯಾಗಿ ಅವಳು ಸಾಕುಮಗುವನ್ನು ಎತ್ತಿಕೊಂಡು ಮರಳಿನ ಮೇಲೆ ನಡೆದು ಬರುತ್ತಾಳಲ್ಲ, ಅದೇ ಚಿತ್ರ. ದುರ್ಗದಲ್ಲಿ ನಾವಿಬ್ಬರೂ ಲಂಗ ದಾವಣಿಯಲ್ಲಿದ್ದಾಗ ದೊಡ್ಡಪೇಟೆಯಿಂದ ಓಡಿಹೋಗಿ ನೋಡಿ ಬಂದು, ನಿಮ್ಮ ಅವ್ವನಿಂದ ಬೈಸಿಕೊಂಡು, ಮತ್ತೆ ಅದೇ ವಾರ ಇನ್ನೊಮ್ಮೆ ಹೋಗಿದ್ದೆವು.

ನಮ್ಮ ಶಾಲೆಯ ಮೇಷ್ಟರುಗಳು ನಕ್ಕರು. ಬಣ್ಣದ ಚಿತ್ರಗಳ ಕಾಲದಲ್ಲಿ ಈ ಬೂದಿಬಣ್ಣದ ಚಿತ್ರಕ್ಕೆ ಯಾರು ಹೋಗುತ್ತಾರೆ ಅಂದರು. ನಿಜ, ಪರದೆಯ ಮೇಲೆ ಗೀರುಗಳ ಮಳೆಯೇ ಸುರಿಯುತ್ತಿತ್ತು. ರೀಲು ಎರಡು ಸಲ ತುಂಡಾಯಿತು. ಶಿಳ್ಳೆ ಹಾಕಿದರು. ಆದರೆ ಸೌಗಂಧಿನಿ ಮುಖ ತಿರುಗಿಸಿ ಒಮ್ಮೆ ನೋಡಿದಳು ನೋಡು, ನನ್ನ ಮುಂದೆ ಕಡಲೆಕಾಯಿ ಸುಲಿಯುತ್ತಿದ್ದ ಹೆಂಗಸು ಸುಲಿಯುವುದನ್ನೇ ಮರೆತಳು. ಈಗಿನವರು ಕಣ್ಣು ಅಗಲಿಸಿ ನಟಿಸುತ್ತಾರೆ. ಅವಳು ರೆಪ್ಪೆ ಇಳಿಸಿದರೆ ಸಾಕಿತ್ತು.

ನಾನು ನೆಲದ ಮೇಲೆಯೇ ಕುಳಿತಿದ್ದೆ. ಗೊತ್ತಿಲ್ಲದೆ ಎಡಗಡೆ ಒಂದು ಆಳಿನಷ್ಟು ಜಾಗ ಬಿಟ್ಟಿದ್ದೆ. ಸಿಡುಬಿನಲ್ಲಿ ಹೋದ ನಿನ್ನ ಬಲಗಣ್ಣಿನ ಕಡೆ ನಾನೇ ಕೂರಬೇಕು, ಬೇರೆಯವರು ಬಂದು ಕುಂತರೆ ಕಾಣಲ್ಲ ಅನ್ನುತ್ತಿದ್ದೆಯಲ್ಲ, ಆ ರೂಢಿ. ಮಧ್ಯಂತರದಲ್ಲಿ ದೀಪ ಹತ್ತಿದಾಗ ಆ ಖಾಲಿ ಜಾಗ ನೋಡಿ ನನಗೆ ತಡೆಯಲಾಗಲಿಲ್ಲ. ಸಿಟ್ಟಿದ್ದರೆ ಸಿಟ್ಟಿದೆ ಎಂದಾದರೂ ಬರೆ.

ನಿನ್ನ
ದಾಕ್ಷಿ

*

ಹೊಳಲ್ಕೆರೆ
೧೬–೨–೧೯೭೪

ದಾಕ್ಷಾಯಣಕ್ಕನವರಿಗೆ ಜಂಬಣ್ಣನ ಶರಣು.

ನೀವು ನನ್ನ ಅಕ್ಷರ ನೋಡಿ ಗಾಬರಿಯಾಗಬಾರದು. ನಿಮ್ಮ ಗೆಳತಿ ನನ್ನ ಪಕ್ಕದಲ್ಲೇ ಕುಳಿತಿದ್ದಾಳೆ. ಮನೆಯಲ್ಲಿ ಎಲ್ಲ ಕ್ಷೇಮ ಎಂದು ಬರೆಯಲು ಹೊರಟೆ, ಅದು ಪೂರ್ತಿ ನಿಜವಾಗುವುದಿಲ್ಲ. ಜವಳಿ ಅಂಗಡಿಯವನಿಗೆ ಲೆಕ್ಕದ ಕಾಗದ ಬಿಟ್ಟು ಬೇರೆ ಬಗೆಯದು ಬರೆದು ರೂಢಿಯಿಲ್ಲ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ನಿಮ್ಮ ಕಾಗದ ಬಂದ ದಿನ ನಾನು ಊಟಕ್ಕೆ ಮನೆಗೆ ಬಂದಿದ್ದೆ. ಇವಳು ಅದನ್ನು ತಂದು ನನ್ನ ಕೈಗಿಟ್ಟು, ನೀವೇ ಓದಿ, ನನ್ನ ಕೈ ಹಸಿ ಇದೆ ಅಂದಳು. ಕೈ ಒಣಗಿಯೇ ಇತ್ತು. ಓದಿದೆ. ಸೌಗಂಧಿನಿ ಎಂಬ ಹೆಸರು ಬರುತ್ತಲೇ ಗೋಡೆ ಹಿಡಿದು ಕುಳಿತಳು. ಮುಗಿದ ಮೇಲೆ, ನಿನ್ನ ಗೆಳತಿಯ ಕಾಗದವನ್ನು ನೀನೇ ಓದಬಾರದಿತ್ತೇ ಎಂದು ಕೇಳಿದೆ.

"ಓದಾಕೆ ಕಣ್ಣು ಬೇಕಲ್ಲ" ಅಂದಳು.

ಇರುವ ಒಂದು ಕಣ್ಣಿಗೆ ಪೊರೆ ಬಂದು ಎರಡು ವರ್ಷದ ಮೇಲಾಗಿದೆಯಂತೆ. ಮನೆಯ ಒಂದೊಂದು ಪಾತ್ರೆಯೂ ಇವಳಿಗೆ ಕೈಯಲ್ಲೇ ಗೊತ್ತು. ನೆಲ, ಹೊಸಿಲು, ಒಲೆ, ಬಾವಿಕಟ್ಟೆ ಎಲ್ಲ ಗೊತ್ತು. ಹಾಗಾಗಿ ನನಗೆ ತಿಳಿಯಲಿಲ್ಲ, ಶಿವಮೊಗ್ಗೆಯಿಂದ ಬಂದು ಹೋಗುವ ಮಗಳಿಗೂ ತಿಳಿಯಲಿಲ್ಲ. ನಿಮ್ಮ ಹಿಂದಿನ ಕಾಗದಗಳನ್ನು ಒಡೆಯದೆ ಇಟ್ಟಿದ್ದಳು. ಯಾರ ಕೈಲಾದರೂ ಓದಿಸಿದರೆ ಗುಟ್ಟು ಹೊರಬೀಳುತ್ತದಲ್ಲ. ಹಾಗಾದರೆ ಈ ಸಲ ಯಾಕೆ ಕೊಟ್ಟೆ ಎಂದರೆ, "ಸಾಕಾತು" ಅಂದಳು. ಅಂದು ನಾನು ಅಂಗಡಿಗೆ ಹೋಗಲಿಲ್ಲ. ಹಳೆಯವನ್ನೂ ಒಡೆದು ಓದಿ ಹೇಳಿದೆ.

ದುರ್ಗದ ಡಾಕ್ಟರಿಗೆ ತೋರಿಸಿ ಬಂದೆವು. ಕೆಲವರಿಗೆ ಹೀಗೆ ವಯಸ್ಸಿಗೆ ಮೊದಲೇ ಬರುತ್ತದಂತೆ. ಪೊರೆ ಬಲಿತಿದೆ, ದಾವಣಗೆರೆಗೆ ಹೋಗಿ ಆಪರೇಷನ್ ಮಾಡಿಸಿ ಅಂದರು. ಇವಳು ಒಪ್ಪುತ್ತಿಲ್ಲ. ಇವಳ ಸೋದರತ್ತೆ ಏಕಾಂತಮ್ಮನವರಿಗೆ ಕಣ್ಣು ಕೊಯ್ಸಿದ ಮೇಲೆ ಇದ್ದ ಬೆಳಕೂ ಹೋಯಿತಂತೆ. "ಈಗ ಮಬ್ಬಾಗಾದ್ರೂ ಐತೆ. ನಂದು ಇರಾದೇ ಒಂದು" ಎನ್ನುತ್ತಾಳೆ.

ಒಂದು ಬೇಡಿಕೆ. ನಿಮ್ಮ ಕಾಗದ ಓದಿದ ದಿನ ಇವಳು ಆಡಿದಷ್ಟು ಮಾತು ಈಚೆಗೆ ಆಡಿರಲಿಲ್ಲ. ಆ ಸಿನಿಮಾದ ಕಥೆಯನ್ನು ದಯವಿಟ್ಟು ವಿವರವಾಗಿ ಬರೆಯಿರಿ. ನಾನು ಇದುವರೆಗೆ ಯಾವ ಸಿನಿಮಾವನ್ನೂ ನೋಡಿದವನಲ್ಲ. ಆ ಮಗು ದೋಣಿಯಲ್ಲಿ ಸಿಕ್ಕಿದ್ದೋ ದಡದಲ್ಲಿ ಸಿಕ್ಕಿದ್ದೋ ಎಂದು ಕೇಳಿದರೆ ಇವಳು, ದಾಕ್ಷಿಯೇ ಹೇಳಲಿ ಎನ್ನುತ್ತಾಳೆ.

ಇಂತಿ,
ಜಂಬಣ್ಣ

*

ಹಿರಿಯೂರು
೨೦–೨–೧೯೭೪

ಮಂಗಳಾ,

ಇದನ್ನು ಜಂಬಣ್ಣನವರು ಗಟ್ಟಿಯಾಗಿ ಓದಲಿ. ನೀನು ದೊಡ್ಡ ಮೊಂಡಿ. ನನ್ನ ಮೇಲಿನ ಸಿಟ್ಟಲ್ಲ ಎಂದು ತಿಳಿದು ಒಂದು ಗಳಿಗೆ ನನಗೆ ಸಂತೋಷವೇ ಆಯಿತು. ಆಮೇಲೆ ಕಾರಣ ನೆನೆದು, ಸಂತೋಷಪಟ್ಟದ್ದಕ್ಕೆ ನಾಚಿಕೆಯಾಯಿತು. ಆಪರೇಷನ್ ವಿಷಯ ಈಗ ಎತ್ತುವುದಿಲ್ಲ. ಕಥೆ ಕೇಳಿದ್ದೀರಿ, ಕಥೆ ಹೇಳುತ್ತೇನೆ.

ಮಗು ಸಿಕ್ಕಿದ್ದು ದೋಣಿಯಲ್ಲಿ ಜಂಬಣ್ಣನವರೆ. ನೆರೆ ಇಳಿದ ಬೆಳಿಗ್ಗೆ ಮಲ್ಲಾಜಿ ಗಂಡನ ದೋಣಿ ತೊಳೆಯಲು ಹೋದಾಗ, ಒದ್ದೆ ಕಂಬಳಿಯ ಕೆಳಗೆ. ಸೌಗಂಧಿನಿ ಅಲ್ಲಿ ಓಡಿಹೋಗಿ ಎತ್ತಿಕೊಳ್ಳುವುದಿಲ್ಲ. ಮೊದಲು ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾಳೆ. ತಣ್ಣಗಿನ ಕೈಯಲ್ಲಿ ಮಗುವನ್ನು ಮುಟ್ಟಬಾರದೆಂದು ಕೈ ಉಜ್ಜಿ ಬೆಚ್ಚಗೆ ಮಾಡಿಕೊಳ್ಳುತ್ತಾಳೆ. ಅಷ್ಟರಲ್ಲೇ ನಮಗೆ ಗೊತ್ತಾಗುತ್ತದೆ, ಇವಳು ತಾಯಿಯಾಗಿಯಾಯಿತು ಎಂದು. ಆ ಮೇಲಿನ ಲಾಲಿ ಹಾಡನ್ನು ಅವಳೇ ಹಾಡಿದ್ದು. ಆಗ ಬೇರೆಯವರ ಗಂಟಲು ತಂದು ಅಂಟಿಸುತ್ತಿರಲಿಲ್ಲವಲ್ಲ. ಮೇಲಿನ ಸ್ವರದಲ್ಲಿ ಸ್ವಲ್ಪ ಒಡೆಯುತ್ತದೆ. ಆ ಒಡಕು ನನಗೆ ಇಷ್ಟ.

ಐದು ವರ್ಷವಾದ ಮೇಲೆ ಹೆತ್ತವರು ಎತ್ತಿನ ಗಾಡಿಯಲ್ಲಿ ಹುಡುಕಿಕೊಂಡು ಬರುತ್ತಾರೆ. ಅವರೂ ಕೆಟ್ಟವರಲ್ಲ. ನೆರೆಯಲ್ಲಿ ಕಳೆದುಕೊಂಡವರು, ಅತ್ತು ಅತ್ತು ಸೋತವರು. ಮಲ್ಲಾಜಿ ಮಗುವಿಗೆ ತಲೆ ಬಾಚಿ, ಬುತ್ತಿ ಕಟ್ಟಿಕೊಟ್ಟು ಗಾಡಿ ಹತ್ತಿಸುತ್ತಾಳೆ. ಗಾಡಿ ಮರೆಯಾಗುತ್ತದೆ. ಬಾಗಿಲಲ್ಲಿ ನಿಂತ ಸೌಗಂಧಿನಿಯ ಎಡಗೆನ್ನೆಯ ಮೇಲೆ ಒಂದೇ ಒಂದು ಹನಿ ಇಳಿದು ಬಂದು ಗಲ್ಲದ ತುದಿಯಲ್ಲಿ ನಿಲ್ಲುತ್ತದೆ. ಮೊನ್ನೆ ಟೆಂಟಿನಲ್ಲಿ ನನ್ನ ಕನ್ನಡಕವೆಲ್ಲ ತೋಯ್ದುಹೋಯಿತು.

ಮುಂದಿನದು ಮುಂದಿನ ಸಲ. ಬರೆದು ಬರೆದು ಕೈ ಸೋತಿದೆ.

ದಾಕ್ಷಿ

*

ಹೊಳಲ್ಕೆರೆ
೩–೩–೧೯೭೪

ಪ್ರೀತಿಯ ದಾಕ್ಷಿ,

ನಾನು ಹೇಳುತ್ತಿದ್ದೇನೆ, ಇವರು ಬರೆಯುತ್ತಿದ್ದಾರೆ. ಒಂದು ಮಾತನ್ನೂ ತಿದ್ದಬಾರದೆಂದು ಹೇಳಿದ್ದೇನೆ.

ನೀನು ಹೇಳಿದ್ದು ತಪ್ಪು. ಒಂದು ಹನಿಯಲ್ಲ. ಎರಡು ಕಣ್ಣಲ್ಲೂ ಧಾರೆಯಾಗಿ ಇಳಿಯುತ್ತದೆ, ಅವಳು ಬಾಗಿಲವಾಡಕ್ಕೆ ಹಣೆ ಚಚ್ಚಿಕೊಂಡು ಅಳುತ್ತಾಳೆ, ಮೂಗುತಿ ಒದ್ದೆಯಾಗಿ ಮಿಂಚುತ್ತದೆ. ಒಂದೇ ಕಣ್ಣಿನವಳು ಎರಡು ಕಣ್ಣಿನ ನೀರು ಕಂಡಿದ್ದೇನೆ, ನೀನು ಎರಡಿದ್ದೂ ಅರ್ಧ ಕಂಡಿದ್ದೀಯ.

ಇದನ್ನು ಜಗಳಕ್ಕೆ ಹೇಳುತ್ತಿಲ್ಲ. ನಿನಗೆ ಒಂದು ವಿಷಯ ತಿಳಿಯಲೆಂದು ಹೇಳುತ್ತಿದ್ದೇನೆ. ಮಬ್ಬು ಹೆಚ್ಚಾದಾಗ ಮೊದಮೊದಲು ತುಂಬ ಹೆದರಿದೆ. ಮಗಳ ಮುಖ ಹತ್ತಿರ ಬಂದರೂ ಹಾಲಿನಲ್ಲಿ ಮುಳುಗಿದಂತೆ ಕಂಡಿತು. ಆಮೇಲೆ ಒಂದು ಉಪಾಯ ಕಂಡುಕೊಂಡೆ. ಮಧ್ಯಾಹ್ನ ಒಬ್ಬಳೇ ಕುಳಿತು ಕಣ್ಣು ಮುಚ್ಚಿ, ಆ ಚಿತ್ರವನ್ನು ಮೊದಲಿನಿಂದ ಕೊನೆಯವರೆಗೆ ನೋಡುತ್ತೇನೆ. ನೆರೆ, ದೋಣಿ, ಕಂಬಳಿ, ಹಾಸ್ಯದ ಗುಂಡಾಚಾರಿ ಮೊಸರಿನ ಗಡಿಗೆಯಲ್ಲಿ ತಲೆ ಸಿಕ್ಕಿಸಿಕೊಳ್ಳುವುದು, ಎಲ್ಲ ಹಾಗೇ ಇದೆ. ನಿನ್ನ ಮುಖ, ಅವ್ವನ ಮುಖ, ದುರ್ಗದ ಬೆಟ್ಟ, ಎಲ್ಲ ಒಳಗೆ ಹಾಗೇ ಇದೆ. ಇಷ್ಟೊಂದು ಕೂಡಿಟ್ಟುಕೊಂಡವಳಿಗೆ ಹೊರಗಿನ ಕಣ್ಣು ಮಬ್ಬಾದರೆ ಏನು ಎಂದು ಸಮಾಧಾನ ಮಾಡಿಕೊಂಡೆ. ಆ ಸಮಾಧಾನವನ್ನು ಕತ್ತಿಯ ಬಾಯಿಗೆ ಕೊಡು ಎಂದರೆ ಹೇಗೆ ಕೊಡಲಿ? ಏಕಾಂತತ್ತೆ ಕೊನೆಯವರೆಗೂ, ಹೊತ್ತು ಮುಳುಗಿತೇ ಎಂದು ಕೇಳುತ್ತಿದ್ದರು. ನಡುಹಗಲಲ್ಲಿ ಕೇಳುತ್ತಿದ್ದರು.

ನೀನು ಕಾಗದ ಬರೆಯುತ್ತಿರು. ನನಗೆ ಅಷ್ಟು ಸಾಕು.

ಮಂಗಳಾ

(ಇಷ್ಟು ಅವಳು ಹೇಳಿದ್ದು. ಇದು ನನ್ನದು. ನೀರು ಒಂದು ಕಣ್ಣಲ್ಲೋ ಎರಡು ಕಣ್ಣಲ್ಲೋ ಅದು ಹಾಗಿರಲಿ. ಆ ಮಗು ವಾಪಸು ಬಂತೋ ಇಲ್ಲವೋ ಬರೆಯಿರಿ. — ಜಂಬಣ್ಣ)

*

ಹಿರಿಯೂರು
೧೮–೩–೧೯೭೪

ಮಂಗಳಾ,

ನೀನು ನನಗೆ ಅರ್ಧ ಕಂಡವಳು ಅಂದದ್ದು ನಾಟಿತು. ಚಿತ್ರ ಇಲ್ಲಿಂದ ಹೊಸದುರ್ಗದ ಟೆಂಟಿಗೆ ಹೋಗಿತ್ತು. ಭಾನುವಾರ ಬಸ್ಸು ಹತ್ತಿ ಅಲ್ಲಿಗೇ ಹೋದೆ. ಅಲ್ಲಿ ನನ್ನ ತಮ್ಮನ ಮನೆಯಿದೆ, ತಮ್ಮನ ಹೆಂಡತಿಯನ್ನೂ ಕರೆದುಕೊಂಡು ಸಂಜೆಯ ಆಟಕ್ಕೆ ಕುಳಿತೆ. ಈ ಸಲ ಅಳಬಾರದು, ನೋಡಬೇಕು ಎಂದು ನಿಶ್ಚಯ ಮಾಡಿ ಕನ್ನಡಕ ಒರೆಸಿಕೊಂಡೆ.

ನಾವಿಬ್ಬರೂ ತಪ್ಪು ಮಂಗಳಾ. ಸೌಗಂಧಿನಿ ಅಳುವುದೇ ಇಲ್ಲ.

ಗಾಡಿ ತಿರುವಿನಲ್ಲಿ ಮರೆಯಾಗುತ್ತದೆ. ಅವಳು ಮಗುವಿನ ಬುತ್ತಿಯಿಂದ ಹೊಸಿಲ ಮೇಲೆ ಚೆಲ್ಲಿದ ಮಂಡಕ್ಕಿ ನೋಡುತ್ತಾಳೆ. ಬಗ್ಗಿ ಒಂದೊಂದಾಗಿ ಆರಿಸಿ ಸೆರಗಿಗೆ ಹಾಕಿಕೊಳ್ಳುತ್ತಾಳೆ. ಅವಸರವಿಲ್ಲ. ಎದ್ದು ನಿಂತು ನೇರವಾಗಿ ನಮ್ಮ ಕಡೆ ನೋಡುತ್ತಾಳೆ. ಕಣ್ಣು ಒಣಗಿದೆ. ಇಂಥವಳ ಮುಂದೆ ನಾವು ಅಳಬಾರದು ಅನ್ನಿಸುವಂಥ ನೋಟ. ಆಮೇಲೆ ಬಾಗಿಲು ಹಾಕಿಕೊಳ್ಳುತ್ತಾಳೆ. ಅಷ್ಟೇ. ಅಳುವುದು ಹಿಂದಿನ ಪಿಟೀಲು. ಅಳುವವರು ನಾವು. ಇಷ್ಟು ವರ್ಷ ನಮ್ಮ ಕಣ್ಣೀರನ್ನು ತೆಗೆದು ಅವಳ ಮುಖಕ್ಕೆ ಹಚ್ಚಿಕೊಂಡು ಕುಳಿತಿದ್ದೇವೆ. ಹಿರಿಯೂರಿನಲ್ಲಿ ನೋಡಿದಾಗಲೂ ನಾನು ನೋಡಿದ್ದು ನೆನಪನ್ನೇ ಹೊರತು ಅವಳನ್ನಲ್ಲ.

ಅವಳು ಎಂಥ ನಟಿ ಎಂದು ನನಗೆ ತಿಳಿದದ್ದು ಮೊನ್ನೆಯೇ. ಹುಡುಗಿಯರಾಗಿದ್ದಾಗ ನಮಗೆ ಅವಳ ಮೂಗುತಿ ಬೇಕಿತ್ತು, ಜಡೆ ಬೇಕಿತ್ತು. ಈ ಒಣ ಕಣ್ಣನ್ನು ನೋಡುವ ವಯಸ್ಸು ಆಗಿರಲಿಲ್ಲ.

ಜಂಬಣ್ಣನವರೆ, ಮಗು ದೊಡ್ಡವನಾಗಿ ಬರುತ್ತಾನೆ. ಹೊಳೆ ದಾಟಿಸು ಎಂದು ಕೇಳುತ್ತಾನೆ, ಗುರುತು ಸಿಗುವುದು ನಡುಹೊಳೆಯಲ್ಲಿ.

ದಾಕ್ಷಿ

*

ಹೊಳಲ್ಕೆರೆ
೨೭–೩–೧೯೭೪

ದಾಕ್ಷಾಯಣಕ್ಕನವರಿಗೆ ಶರಣು.

ನಿಮ್ಮ ಕಾಗದ ಓದಿದೆ. ಇವಳು ನಂಬಲಿಲ್ಲ. ದಾಕ್ಷಿ ನನ್ನನ್ನು ಆಸ್ಪತ್ರೆಗೆ ಕಳಿಸಲು ಕಥೆ ಕಟ್ಟಿದ್ದಾಳೆ ಅಂದಳು. ಇನ್ನೊಮ್ಮೆ ಓದಿಸಿದಳು. ಮರುದಿನ ಬೆಳಿಗ್ಗೆ ರೊಟ್ಟಿ ತಟ್ಟುತ್ತಾ, ನೀವೇ ಒಂದು ಸಲ ಹೋಗಿ ನೋಡಿಕೊಂಡು ಬನ್ನಿ ಅಂದಳು. ಸಿನಿಮಾ ಎಂದರೆ ಬೀಡಿ ಹೊಗೆ, ಶಿಳ್ಳೆ, ಹಾಳು ಹರಟೆ ಎಂದು ನಂಬಿದ್ದವನು ನಾನು. ಹೋಗಿ ಬಂದರೆ ಇವಳ ಮನಸ್ಸು ತಿರುಗೀತೇನೋ ಎಂದು ಅಂಗಡಿಯನ್ನು ಆಳಿಗೆ ಒಪ್ಪಿಸಿ ಹೊಸದುರ್ಗಕ್ಕೆ ಹೋದೆ.

ಟೆಂಟಿನ ಬಾಗಿಲಲ್ಲೇ ಬೀಗರ ಪೈಕಿಯ ಚಿತ್ರಲಿಂಗಪ್ಪ ಸಿಕ್ಕಿದ. "ಏನಪ್ಪ ಜಂಬಣ್ಣ, ನೀನೂ ಬಂದೆಯಾ" ಎಂದು ನಕ್ಕ. ನಾನು ಹೋಗಿ ಮುಂದಿನ ಕುರ್ಚಿಯಲ್ಲಿ ಕುಳಿತೆ. ಮುಂದೆ ಕೂರಬಾರದು ಎಂದು ನನಗೆ ಗೊತ್ತಿರಲಿಲ್ಲ, ಕತ್ತು ಹಿಡಿದುಕೊಂಡಿದೆ. ಮೊದಲು ಏನೂ ತಿಳಿಯಲಿಲ್ಲ, ಮನುಷ್ಯರ ಮುಖ ಅಷ್ಟು ದೊಡ್ಡದಾಗಿ ನೋಡಿ ಸಂಕೋಚವಾಯಿತು. ಆಮೇಲೆ ಆ ಹೆಣ್ಣುಮಗಳು ಕೈ ಉಜ್ಜಿಕೊಂಡು ಮಗುವನ್ನು ಎತ್ತಿಕೊಂಡಳು. ಅಲ್ಲಿಂದ ನಾನು ಎಲ್ಲಿದ್ದೇನೆಂಬುದು ಮರೆತೆ. ಗಾಡಿ ಹೋಗುವಾಗ ನಾನು ರೆಪ್ಪೆ ಬಡಿಯದೆ ನೋಡಿದೆ. ಅದಕ್ಕೇ ಹೋಗಿದ್ದವನಲ್ಲವೇ.

ಮನೆಗೆ ಬಂದಾಗ ಇವಳು ನಡುಮನೆಯಲ್ಲಿ ಕಾಯುತ್ತಿದ್ದಳು. ನನ್ನ ಕಡೆ ಮುಖ ಮಾಡಿದಳು.

"ಅಳಲ್ಲ ಕಣೇ ಆಕಿ" ಅಂದೆ. "ಮಂಡಕ್ಕಿ ಆರಿಸ್ತಾಳೆ."

ಮೂಗುತಿ ಯಾವ ಕಡೆ ಎಂದು ಕೇಳಿದಳು. ಎಡಗಡೆ ಎಂದೆ. ತಾನು ಬಲಗಡೆ ಎಂದುಕೊಂಡಿದ್ದೆ ಅಂದಳು. ಆಮೇಲೆ ಹೇಳಿದಳು, "ಒಳಗೆ ಇರಾದೂ ನಂಬಂಗಿಲ್ಲ ಅಂದ್ರೆ, ಹೊರಗಿಂದು ನೋಡ್ಲೇಬೇಕಲ್ಲ. ದಾವಣಗೆರೆಗೆ ಹೋಗಾಣ."

ಏಪ್ರಿಲ್ ಎರಡನೆಯ ವಾರ ಬರಹೇಳಿದ್ದಾರೆ. ಇವಳು ಈಗ ಹೆದರುತ್ತಿಲ್ಲ ಎಂದೇನಲ್ಲ. ಹೆದರಿಕೊಂಡೇ ಬಟ್ಟೆ ಮಡಿಸುತ್ತಿದ್ದಾಳೆ.

ಇಂತಿ,
ಜಂಬಣ್ಣ

*

ಹಿರಿಯೂರು
೧೦–೪–೧೯೭೪

ಮಂಗಳಾ,

ಇದು ನಿನಗೆ ಆಸ್ಪತ್ರೆಯಲ್ಲೇ ಸಿಗುತ್ತದೆ. ಪರೀಕ್ಷೆಗಳು ಮುಗಿಯದೆ ನನಗೆ ರಜೆ ಇಲ್ಲ. ಮಕ್ಕಳ ಉತ್ತರ ತಿದ್ದಲು ಕುಳಿತು, ಸರಿ ಇದ್ದದ್ದಕ್ಕೂ ತಪ್ಪು ಹಾಕಿ ಮತ್ತೆ ಅಳಿಸುತ್ತಿದ್ದೇನೆ.

ನಿನ್ನನ್ನು ಒಪ್ಪಿಸಿದವಳು ನಾನು. ರಾತ್ರಿಯೆಲ್ಲ ಅದೇ ಯೋಚನೆ. ಅದರ ಬಗ್ಗೆ ಇಷ್ಟೇ ಬರೆಯಬಲ್ಲೆ. ಕೆಮ್ಮಬೇಡ, ನಗಬೇಡ, ತಲೆ ಅಲುಗಿಸಬೇಡ ಎಂದಿರುತ್ತಾರೆ. ಆದ್ದರಿಂದ ಗುಂಡಾಚಾರಿಯ ಮೊಸರಿನ ಗಡಿಗೆಯ ಬಗ್ಗೆ ಈ ಕಾಗದದಲ್ಲಿ ಏನೂ ಇಲ್ಲ.

ದಾಕ್ಷಿ

*

ದಾವಣಗೆರೆ
೨೧–೪–೧೯೭೪

ದಾಕ್ಷಾಯಣಕ್ಕನವರಿಗೆ,

ಕಾರ್ಡಿನಲ್ಲಿ ಜಾಗ ಕಡಿಮೆ. ಇಂದು ಬೆಳಿಗ್ಗೆ ಪಟ್ಟಿ ಬಿಚ್ಚಿದರು. ಡಾಕ್ಟರು ಕೈ ಮುಂದೆ ಹಿಡಿದು, ಎಷ್ಟು ಬೆರಳಮ್ಮ ಎಂದು ಕೇಳಿದರು. ಇವಳು ಬೆರಳಿನ ಲೆಕ್ಕ ಹೇಳಲಿಲ್ಲ. "ನಿಮ್ಮ ಹಿಂದೆ ಕಿಟಕಿ ಐತೆ, ಹೊರಗೆ ಏನೋ ಹಸ್ರು ಐತೆ" ಅಂದಳು. ಬೇವಿನ ಮರ. ಡಾಕ್ಟರು ನಕ್ಕರು. ಎಲ್ಲ ಸರಿಯಾಗಿದೆಯಂತೆ. ಗಾಯ ಮಾಯ್ದ ಮೇಲೆ ದಪ್ಪ ಕನ್ನಡಕ ಕೊಡುತ್ತಾರೆ, ಅಲ್ಲಿಯವರೆಗೆ ಮಸಕಾಗಿಯೇ ಇರುತ್ತದೆ, ಹೆದರಬೇಡಿ ಅಂದರು. ನಾನು ಹೊರಗೆ ಹೋಗಿ ಆ ಬೇವಿನ ಮರದ ಕೆಳಗೆ ಸ್ವಲ್ಪ ಹೊತ್ತು ಕುಳಿತು ಬಂದೆ. ಈಗ ಊಟ ಮಾಡಬೇಕು.

ಜಂಬಣ್ಣ

*

ಹೊಳಲ್ಕೆರೆ
೨೩–೬–೧೯೭೪

ಪ್ರೀತಿಯ ದಾಕ್ಷಿ,

ಅಕ್ಷರ ನೋಡಿ ನಗಬೇಡ. ನನ್ನದೇ ಕೈ. ಸಾಲು ಏರಿ ಇಳಿದಿದೆ, ಒಂದು ಹಾಳೆಗೆ ನಾಲ್ಕೇ ಸಾಲು ಹಿಡಿಸುತ್ತಿದೆ. ಇವರು ಪಕ್ಕದಲ್ಲಿ ನಿಂತು, ನಾನು ಬರೆದುಕೊಡಲೇ ಎಂದು ಕೇಳುತ್ತಲೇ ಇದ್ದಾರೆ. ಬೇಡ ಎಂದಿದ್ದೇನೆ.

ಕನ್ನಡಕ ಬಂದು ಎರಡು ವಾರವಾಯಿತು. ಸೋಡಾ ಶೀಸೆಯ ತಳದಂತಿದೆ. ಎಲ್ಲ ಇದ್ದದ್ದಕ್ಕಿಂತ ದೊಡ್ಡದು, ಇದ್ದದ್ದಕ್ಕಿಂತ ಹತ್ತಿರ. ಮೊದಲ ದಿನ ಲೋಟದ ಹೊರಗೆ ನೀರು ಬಗ್ಗಿಸಿದೆ, ಇಲ್ಲದ ಮೆಟ್ಟಿಲನ್ನು ಇಳಿಯಲು ಹೋದೆ. ಆದರೆ ಬಣ್ಣಗಳು, ದಾಕ್ಷಿ! ಮಾಸಿದ ಹಳದಿ ಎಂದು ಇಷ್ಟು ದಿನ ಉಟ್ಟಿದ್ದ ಸೀರೆ ಅಚ್ಚ ಬಿಳಿ. ಆಕಾಶದಲ್ಲಿ ಇಷ್ಟು ನೀಲಿ ಮೊದಲೂ ಇತ್ತೇ ಎಂದು ಇವರನ್ನು ಕೇಳಿದೆ. ಇತ್ತು ಅಂದರು. ಮಗಳು ಬಂದಿದ್ದಳು. ಅವಳ ಹುಬ್ಬಿನ ಹತ್ತಿರ ಒಂದು ಸಣ್ಣ ಗೆರೆ ಮೂಡಿದೆ. ನಾನು ಒಳಗೆ ಇಟ್ಟುಕೊಂಡಿದ್ದ ಮಗಳಿಗೆ ಆ ಗೆರೆ ಇರಲಿಲ್ಲ. ಅದನ್ನು ಬೆರಳಿನಿಂದ ಮುಟ್ಟಿ ನೋಡಿದೆ. ಯಾಕವ್ವ ಎಂದಳು. ಸುಮ್ಮನೆ ಎಂದೆ.

ಸೌಗಂಧಿನಿ ನಮ್ಮೂರಿಗೆ ಬರಲಿಲ್ಲ. ಆ ರೀಲು ತೀರ ಸವೆದು, ಹೊಸದುರ್ಗದಿಂದಲೇ ಕಂಪನಿಯವರು ವಾಪಸು ತರಿಸಿಕೊಂಡರಂತೆ. ಕೇಳಿದ ದಿನ ಮನಸ್ಸು ಸಣ್ಣಗಾಯಿತು. ಆದರೆ ಹೆಚ್ಚು ಹೊತ್ತು ನಿಲ್ಲಲಿಲ್ಲ. ಅವಳು ಅಳಲಿಲ್ಲ ಎಂಬುದಕ್ಕೆ ನನಗೆ ಇಬ್ಬರು ಸಾಕ್ಷಿಗಳಿದ್ದಾರೆ, ಇಬ್ಬರೂ ಸುಳ್ಳು ಹೇಳುವವರಲ್ಲ.

ಮೊನ್ನೆ, ಮಳೆಗಾಲಕ್ಕೆ ಟೆಂಟು ಬಿಚ್ಚುವ ಮೊದಲು ಕಡೆಯ ಚಿತ್ರ ಎಂದು ಗಾಡಿಯಲ್ಲಿ ಸಾರಿಕೊಂಡು ಹೋದರು. ಇವರು ಅಂಗಡಿಯಿಂದ ಬೇಗ ಬಂದು, "ಹೋಗಾಣೇನು" ಅಂದರು. ನಾನು ಕೇಳಿದ್ದಲ್ಲ, ಇವರೇ ಅಂದದ್ದು. ಇಬ್ಬರೂ ಕುರ್ಚಿಯಲ್ಲಿ ಕುಳಿತೆವು, ಹಿಂದಿನ ಸಾಲಿನಲ್ಲಿ. ಮುಂದೆ ಕೂತರೆ ಕತ್ತು ಹಿಡಿಯುತ್ತದೆ ಎಂದು ಅನುಭವಸ್ಥರ ಹಾಗೆ ಹೇಳಿದರು.

ಬಣ್ಣದ ಚಿತ್ರ, ಹೊಸ ನಟಿ. ಹುಡುಗಿ ಚೆನ್ನಾಗಿದ್ದಾಳೆ, ಇನ್ನೂ ಕಲಿಯಬೇಕು. ಒಬ್ಬ ಹೊಸ ಹಾಸ್ಯದವನು ಅತ್ತೆಯ ಸೀರೆ ಉಟ್ಟುಕೊಂಡು ಓಡುವ ದೃಶ್ಯ ಬಂತು. ಟೆಂಟಿಗೆ ಟೆಂಟೇ ನಕ್ಕಿತು. ಪಕ್ಕದಲ್ಲಿ ಯಾರೋ ಬಿದ್ದು ಬಿದ್ದು ನಗುತ್ತಿದ್ದಾರೆ ಎಂದು ತಿರುಗಿ ನೋಡಿದರೆ ಇವರು. ಪರದೆಯ ಬೆಳಕು ಮುಖದ ಮೇಲೆ ಬಿದ್ದಿತ್ತು. ಕಿವಿಯ ಹತ್ತಿರದ ಕೂದಲು ಪೂರ್ತಿ ನೆರೆತಿದೆ, ನನಗೆ ಗೊತ್ತಿರಲಿಲ್ಲ. ಒಂದು ಹಲ್ಲು ಹೋಗಿದೆ, ಅದೂ ಗೊತ್ತಿರಲಿಲ್ಲ. ಇಷ್ಟು ವರ್ಷದ ಸಂಸಾರದಲ್ಲಿ ಇವರು ಹೀಗೆ ಬಾಯಿ ತೆರೆದು ನಕ್ಕದ್ದನ್ನು ನಾನು ನೋಡಿರಲಿಲ್ಲ.

ಚಿತ್ರದ ಕಥೆ ಏನೆಂದು ನನ್ನನ್ನು ಕೇಳಬೇಡ. ಅಲ್ಲಿಂದ ಮುಂದೆ ನಾನು ಪರದೆ ನೋಡಿದ್ದು ಕಡಿಮೆ.

ನಿನ್ನ
ಮಂಗಳಾ